ಅಕ್ಕನ ಓದು ಮತ್ತು ತೊಂಬತ್ತೆಂಟು ಡಿಗ್ರಿ

ಅವನಿಗೆ ‘ಡಿಗ್ರಿ’ ಎಂದು ಹೆಸರಿಟ್ಟವನು ಕೆಳಗಿನ ಜೆರಾಕ್ಸ್ ಅಂಗಡಿಯವನು. ಕಾಲೇಜನ್ನು ಅರ್ಧಕ್ಕೇ ಬಿಟ್ಟವನಿಗೆ ಆ ಹೆಸರು ಅಂಟಿದ್ದು ಓದಿನಿಂದಲ್ಲ. ಯಾರೇ ಕಂಪ್ಯೂಟರ್ ಹೊತ್ತುಕೊಂಡು ಡಿಗ್ರಿಯ ರಿಪೇರಿ ಅಂಗಡಿಯ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಬಂದರೂ ಅವನ ಮೊದಲ ಪ್ರಶ್ನೆ ಒಂದೇ: “ಎಷ್ಟು ಡಿಗ್ರಿ ತೋರಿಸ್ತಿದೆ?” ಬಂದವರು ಜ್ವರದ ಮಗುವನ್ನು ಡಾಕ್ಟರ ಮುಂದೆ ನಿಲ್ಲಿಸಿದವರ ಹಾಗೆ ತಬ್ಬಿಬ್ಬಾಗುತ್ತಿದ್ದರು.

ಕೆಟ್ಟ ಯಂತ್ರಗಳನ್ನು ಸರಿಮಾಡುವುದು ಅವನ ಹೊಟ್ಟೆಪಾಡು. ಅವನಿಗೆ ನಿಜವಾದ ಹುಚ್ಚು ಇದ್ದದ್ದು ಓವರ್‌ಕ್ಲಾಕ್ ಮಾಡುವುದರಲ್ಲಿ. ಕಂಪ್ಯೂಟರಿನ ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ತಯಾರಿಸಿದವರು ಒಂದು ಮಿತಿ ಇಟ್ಟಿರುತ್ತಾರೆ. ಆ ಮಿತಿಯನ್ನು ದಾಟಿಸಿ ಅದನ್ನು ಇನ್ನೂ ವೇಗವಾಗಿ ಓಡಿಸಬಹುದು. ಆದರೆ ಓಡಿದಷ್ಟೂ ಅದು ಕರೆಂಟು ಕುಡಿಯುತ್ತದೆ, ಕುಡಿದಷ್ಟೂ ಕಾಯುತ್ತದೆ. ಹೆಚ್ಚು ಕಾದ ಪ್ರೊಸೆಸರ್ ಒಮ್ಮೊಮ್ಮೆ ಪೂರಾ ನಿಂತುಬಿಡುತ್ತದೆ. ಹಾಗೆ ನಿಂತರೆ ಒಳ್ಳೆಯದೇ, ತೊಂದರೆ ಏನೆಂದು ತಿಳಿಯುತ್ತದೆ. ನಿಲ್ಲದೆ, ಸದ್ದಿಲ್ಲದೆ, ನೂರು ಲೆಕ್ಕದಲ್ಲಿ ಒಂದನ್ನು ತಪ್ಪು ಮಾಡುತ್ತ ಓಡುತ್ತಿದ್ದರೆ ಅದು ಅಪಾಯ. ಇದು ಡಿಗ್ರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ತನಗೆ ತಾನೇ ಎರಡು ಕಟ್ಟುಪಾಡು ಹಾಕಿಕೊಂಡಿದ್ದ. ವೇಗ ಏರಿಸಿದ ಯಂತ್ರಕ್ಕೆ ಎಂಟು ಗಂಟೆ ಸತತ ಭಾರದ ಕೆಲಸ ಕೊಟ್ಟು ಪರೀಕ್ಷಿಸದೆ ಗಿರಾಕಿಯ ಕೈಗೆ ಕೊಡಬಾರದು. ಆ ಎಂಟು ಗಂಟೆಯಲ್ಲಿ ಒಮ್ಮೆಯೂ ಶಾಖ ಎಂಬತ್ತು ಡಿಗ್ರಿ ದಾಟಬಾರದು. ಹದಿನೈದು ವರ್ಷ ಅವನು ಇದನ್ನು ಯಾರ ಮುಲಾಜಿಗೂ ಮುರಿದವನಲ್ಲ. ಮುರಿದದ್ದು ಒಮ್ಮೆ, ಸ್ವಂತ ಅಕ್ಕನ ಮನೆಯಲ್ಲಿ.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳಿದವಳು. ಊರಿನಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಭಾವ ಬಸ್ ಕಂಡಕ್ಟರ್ ಆಗಿದ್ದವರು. “ನಾವಿಬ್ಬರೂ ಒಟ್ಟಿಗೆ ಜಗಳ ಆಡೋಕೆ ಶುರು ಮಾಡಿದ್ರೆ ಪಕ್ಕದ ಮನೆಯವರು ಸಾಮಾನು ಕಟ್ಕೊಂಡು ರಸ್ತೆಗೆ ಬಂದು ನಿಲ್ತಾರೆ,” ಎಂದು ಅವರು ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಅಕ್ಕ ಅಂಧರ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕೊಡತೊಡಗಿದಳು. ಮನೆಯ ಉಗ್ರಾಣದ ಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿ, ರಜಾಯಿ ತೂಗುಹಾಕಿ, ಹೊರಗಿನ ಸದ್ದು ಬರದ ಹಾಗೆ ಮಾಡಿಕೊಂಡಿದ್ದಳು. ಅಲ್ಲೊಂದು ಮೇಜು, ಮೈಕು, ಡಿಗ್ರಿಯೇ ಜೋಡಿಸಿಕೊಟ್ಟ ಹಳೆಯ ಕಂಪ್ಯೂಟರು. ಬೆಳಿಗ್ಗೆ ಎರಡು ಗಂಟೆ ಓದಿದರೆ, ಆಮೇಲೆ ಒಂದು ಸಾಫ್ಟ್‌ವೇರ್ ಅದರೊಳಗಿನ ಗುಯ್ ಎನ್ನುವ ಸದ್ದು, ಉಸಿರಿನ ಸದ್ದು ಎಲ್ಲ ತೆಗೆದು ಹಸನು ಮಾಡಬೇಕಿತ್ತು. ಒಂದು ಗಂಟೆಯ ಓದನ್ನು ಹಸನು ಮಾಡಲು ಐವತ್ತು ನಿಮಿಷ ಹಿಡಿಯುತ್ತಿತ್ತು. ಅದು ನಡೆಯುತ್ತಿರುವಾಗಲೇ ಅವಳು ಒಮ್ಮೊಮ್ಮೆ ಮುಂದಿನದನ್ನು ಓದಲು ಕೂರುತ್ತಿದ್ದಳು.

“ಇದು ಆಮೆ ಕಣೋ,” ಎಂದಳು ಅಕ್ಕ ಒಂದು ಭಾನುವಾರ. “ಏನಾದ್ರೂ ಮಾಡಿ ಸ್ವಲ್ಪ ಚುರುಕು ಮಾಡೋಕಾಗಲ್ವಾ? ನಿಂಗೆ ಗೊತ್ತಿಲ್ಲದ್ದು ಏನಿದೆ?”

ಆ ಕೊನೆಯ ಮಾತಿಗೆ ಅವನು ಉಬ್ಬಿಹೋದ. ಚಿಕ್ಕಂದಿನಿಂದಲೂ ಅವನು ರೇಡಿಯೋ ಬಿಚ್ಚಿ ಹಾಳು ಮಾಡಿದಾಗಲೂ, ಕಾಲೇಜು ಬಿಟ್ಟಾಗಲೂ, ಅಪ್ಪನೆದುರು ಅವನ ಪರವಾಗಿ ನಿಂತವಳು ಅವಳೊಬ್ಬಳೇ. ಅವತ್ತೇ ಕೂತು ಪ್ರೊಸೆಸರಿನ ವೇಗ ಏರಿಸಿದ. ಭಾವ ಗಡಿಯಾರ ಹಿಡಿದು ನಿಂತರು. ಐವತ್ತು ನಿಮಿಷದ ಕೆಲಸ ಮೂವತ್ತೇಳಕ್ಕೆ ಇಳಿಯಿತು. “ಭಲೇ! ಎಕ್ಸ್‌ಪ್ರೆಸ್ ಗಾಡಿ ಮಾಡಿಬಿಟ್ಟೆ,” ಎಂದು ಭಾವ ಬೆನ್ನು ತಟ್ಟಿದರು.

ಆದರೆ ಪ್ರೊಸೆಸರನ್ನು ತಣಿಸುವ ಫ್ಯಾನು ಕಿರುಚತೊಡಗಿತು. ಅಕ್ಕ ಕೋಣೆಯ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡಳು. “ಇದೇನೋ ಇದು, ಹಿಟ್ಟಿನ ಗಿರಣಿ! ಇದರ ಪಕ್ಕದಲ್ಲಿ ಕೂತು ನಾನು ಹೇಗೆ ಓದಲಿ?”

ಅವನು ಫ್ಯಾನಿನ ವೇಗ ತಗ್ಗಿಸಿದ. ಸದ್ದು ಇಳಿಯಿತು, ಶಾಖ ಏರಿತು. ಪರದೆಯ ಮೂಲೆಯ ಅಂಕಿ ಎಂಬತ್ತನ್ನು ದಾಟಿ ಎಂಬತ್ತೈದಕ್ಕೆ ಬಂದಾಗ ಯಂತ್ರ ಕೀಂ ಕೀಂ ಎಂದು ಎಚ್ಚರಿಕೆ ಕೊಟ್ಟಿತು. ಈ ಕೀಂ ಕೀಂ ಮೈಕಿಗೆ ಬಿದ್ದರೆ ಗತಿಯೇನು? ಅದನ್ನೂ ಬಂದ್ ಮಾಡಿದ. ಪರೀಕ್ಷೆಗೆ ಹಚ್ಚಿ ಹನ್ನೆರಡು ನಿಮಿಷವಾಗಿತ್ತಷ್ಟೇ, ಒಳಗಿನಿಂದ ಅಕ್ಕ ಕೂಗಿದಳು: “ಊಟ ಆರ್ತಾ ಇದೆ, ಬಾರೋ.” ಅಂಕಿ ಎಂಬತ್ತೊಂಬತ್ತು ತೋರಿಸುತ್ತಿತ್ತು. ಮುಂದಿನ ವಾರ ಪ್ರೊಸೆಸರಿಗೆ ದೊಡ್ಡ ಕೂಲರ್ ತಂದು ಕೂರಿಸಿದರಾಯಿತು, ಚಳಿಗಾಲ ಬೇರೆ ಇದೆ ಎಂದುಕೊಂಡು ಪರೀಕ್ಷೆ ನಿಲ್ಲಿಸಿ ಊಟಕ್ಕೆ ಎದ್ದ. ಮುಂದಿನ ವಾರ ಅಂಗಡಿಯಲ್ಲಿ ಕೆಲಸ ಮೈಮೇಲೆ ಬಿತ್ತು. ಅದರ ಮುಂದಿನ ವಾರ ಮರೆತೇಹೋಯಿತು.

ಬೇಸಿಗೆ ಬಂತು. ಕಂಬಳಿ ಹೊದ್ದ ಆ ಕೋಣೆಯ ಬಾಗಿಲು ಮುಚ್ಚಿಕೊಂಡು ಅಕ್ಕ ಓದುತ್ತಲೇ ಇದ್ದಳು. ಹಸನಾದ ಓದು ಕೈಗೆ ಬಂದ ಮೇಲೆ, ಡಿಸ್ಕಿನಲ್ಲಿ ಜಾಗ ಸಾಲದೆಂದು ಮೂಲ ಧ್ವನಿಮುದ್ರಣವನ್ನು ಅಳಿಸಿಬಿಡುತ್ತಿದ್ದಳು. ತನ್ನ ದನಿಯನ್ನು ತಾನೇ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ನಿಲ್ದಾಣದಲ್ಲಿ ಮೂವತ್ತು ವರ್ಷ ಕೇಳಿದ್ದೇ ಸಾಕು ಎನ್ನುತ್ತಿದ್ದಳು.

ವೇಗ ಏರಿಸಿದ ನಾಲ್ಕು ತಿಂಗಳಿಗೆ ಗ್ರಂಥಾಲಯದ ಮೇಡಂ ಬಹಳ ಸಂಕೋಚದಿಂದ ಫೋನ್ ಮಾಡಿದರು. ಇತ್ತೀಚಿನ ಮೂರು ಪುಸ್ತಕಗಳಲ್ಲಿ ಅಲ್ಲಲ್ಲಿ ಮಾತು ನುಂಗಿದ ಹಾಗಿದೆ, ಕೇಳುವವರು ಗೊಣಗುತ್ತಿದ್ದಾರೆ ಎಂದರು. ಅಕ್ಕ ಒಂದು ಅಧ್ಯಾಯವನ್ನು ಮತ್ತೆ ಓದಿ ಹಸನು ಮಾಡಿ ಮೊದಲ ಬಾರಿಗೆ ಕೂತು ಕೇಳಿದಳು. ಹೌದು. “ಹಡಗು ಬಂದರಿನ” ಎಂದ ಮೇಲೆ ಏನೂ ಇಲ್ಲ, ಆಮೇಲೆ “ನಿಂತಿತು.” ನಡುವಿನ “ಹೊರಗೇ” ಎಲ್ಲಿ ಹೋಯಿತು? ತಾನು ಅದನ್ನು ಓದಿದ ನೆನಪು ಅವಳಿಗೆ ಚೆನ್ನಾಗಿತ್ತು. ಅದೇ ಅವಳಿಗೆ ಭಯ ಹುಟ್ಟಿಸಿತು. ಯಾಕೆಂದರೆ ಅಮ್ಮನಿಗೂ ಹೀಗೆಯೇ ಶುರುವಾಗಿತ್ತು. ಅಮ್ಮ ಮಾತಿನ ನಡುವೆ ಒಂದೊಂದು ಪದ ನುಂಗುತ್ತಿದ್ದಳು, ಹೇಳಿದೆನಲ್ಲ ಎಂದು ವಾದಿಸುತ್ತಿದ್ದಳು. ಎರಡು ವರ್ಷದೊಳಗೆ ಹಾಸಿಗೆ ಹಿಡಿದು, ಮಕ್ಕಳ ಹೆಸರೂ ಬಾರದೆ ಹೋಗಿಬಿಟ್ಟಳು.

ಅಕ್ಕ ತಮ್ಮನಿಗೆ ಫೋನ್ ಮಾಡಿದಳು. “ಲೋ, ನನ್ನ ನಾಲಿಗೆ ಕೈಕೊಡ್ತಾ ಇದೆ ಕಣೋ. ಅಮ್ಮನ ಹಾಗೆ.”

ಅಂಗಡಿಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದ ಡಿಗ್ರಿಗೆ ತಾನು ಬಂದ್ ಮಾಡಿದ ಕೀಂ ಕೀಂ ನೆನಪಾಯಿತು. ಎಷ್ಟು ಡಿಗ್ರಿ ಇದೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ: “ಡಾಕ್ಟರಿಗೆ ಒಂದ್ಸಲ ತೋರಿಸು ಅಕ್ಕಾ.”

ಮರುದಿನ ಬೆಳಿಗ್ಗೆಯೇ ಅಕ್ಕನ ಮನೆಗೆ ಹೋದ. ಧೂಳು ತೆಗೆಯುತ್ತೇನೆಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡ. ಶಾಖ ನೋಡುವ ಸಾಫ್ಟ್‌ವೇರನ್ನು ಅವನೇ ಹಾಕಿಟ್ಟಿದ್ದ. ಅದು ನಾಲ್ಕು ತಿಂಗಳಿನಿಂದ ದಿನದಿನದ ಅಂಕಿಗಳನ್ನು ತನ್ನ ಪಾಡಿಗೆ ಬರೆದಿಟ್ಟುಕೊಂಡಿತ್ತು. ತೊಂಬತ್ತೊಂದು. ತೊಂಬತ್ತನಾಲ್ಕು. ಬೇಸಿಗೆಯ ಉದ್ದಕ್ಕೂ ತೊಂಬತ್ತೇಳು, ತೊಂಬತ್ತೆಂಟು. ಕಾದ ಪ್ರೊಸೆಸರ್ ಲೆಕ್ಕ ತಪ್ಪಿದಾಗಲೆಲ್ಲ ಅಕ್ಕನ ಒಂದೊಂದು ಪದ ಬೂದಿಯಾಗಿ ಹೋಗಿತ್ತು. ಡಿಗ್ರಿ ಕಳ್ಳನ ಹಾಗೆ ವೇಗವನ್ನು ಮೊದಲಿದ್ದಲ್ಲಿಗೆ ಇಳಿಸಿದ, ಫ್ಯಾನು ಸರಿಮಾಡಿದ, ಎಚ್ಚರಿಕೆಯ ಸದ್ದನ್ನು ಮತ್ತೆ ಹಾಕಿದ. ಹೊರಗೆ ಬಂದಾಗ ಅಕ್ಕ ಕೇಳಿದಳು: “ಏನಿತ್ತೋ?”

“ಧೂಳು,” ಎಂದ.

ಅವಳು ತಲೆಯಾಡಿಸಿದಳು. “ನಾನು ಗ್ರಂಥಾಲಯಕ್ಕೆ ಹೇಳಿಬಿಟ್ಟೆ. ಇನ್ನು ಓದಲ್ಲ ಅಂತ.”

ಆಗಲೇ ಹೇಳಿಬಿಡಬಹುದಿತ್ತು. ಒಂದೇ ಮಾತು. ಆ ಮಾತನ್ನು ಮೆಟ್ಟಿಲು ಇಳಿಯುವವರೆಗೂ ಬಾಯಲ್ಲಿ ಇಟ್ಟುಕೊಂಡಿದ್ದ, ರಸ್ತೆಗೆ ಬಂದ ಮೇಲೆ ನುಂಗಿದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಗೆ ಅದು ಇನ್ನೂ ಭಾರವಾಯಿತು. ನಿನ್ನೆ ಯಾಕೆ ಹೇಳಲಿಲ್ಲ ಎಂಬುದಕ್ಕೂ ಈಗ ಉತ್ತರ ಕೊಡಬೇಕಿತ್ತಲ್ಲ.

ಅಕ್ಕ ಬದಲಾದಳು. ಪ್ರತಿ ಪದವನ್ನೂ ಹೆಜ್ಜೆ ಊರಿದ ಹಾಗೆ ನಿಧಾನವಾಗಿ ಆಡತೊಡಗಿದಳು. ತರಕಾರಿಯವನ ಮುಂದೆ ಚೀಟಿ ಬರೆದುಕೊಂಡು ಹೋಗಿ ನಿಲ್ಲುತ್ತಿದ್ದಳು. ಫೋನ್ ಬಂದರೆ ಭಾವನ ಕೈಗೆ ಕೊಡುತ್ತಿದ್ದಳು. ಭಾವ ಒಮ್ಮೆ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು, “ಮನೆ ಬಿಕೋ ಅಂತಿದೆ ಮಾರಾಯ. ಅವಳು ಒಂದ್ಸಲ ಬೈದರೆ ಸಾಕು ಅನ್ನಿಸ್ತಿದೆ,” ಎಂದರು. ಡಿಗ್ರಿ ತಲೆ ಬಗ್ಗಿಸಿಕೊಂಡು, ಸರಿಯಾಗಿಯೇ ಇದ್ದ ಒಂದು ಫ್ಯಾನನ್ನು ಬಿಚ್ಚತೊಡಗಿದ.

ಡಾಕ್ಟರು ತಲೆಯ ಸ್ಕ್ಯಾನ್ ಬರೆದುಕೊಟ್ಟರು. ಅವತ್ತು ಭಾವನಿಗೆ ಜ್ವರ, ಜೊತೆಗೆ ಹೋದವನು ಡಿಗ್ರಿ. ಆಸ್ಪತ್ರೆಯ ನೆಲಮಾಳಿಗೆಯ ಬೆಂಚಿನ ಮೇಲೆ ಇಬ್ಬರೂ ಮುಕ್ಕಾಲು ಗಂಟೆ ಕೂತರು. ಅಕ್ಕ ಬಳೆ, ಓಲೆ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ನರ್ಸ್ ಹೆಸರು ಕರೆದಾಗ ಎದ್ದವಳು ಅವನ ಭುಜ ಹಿಡಿದು ಹೇಳಿದಳು: “ಅಮ್ಮನ ಹಾಗೇ ಆದ್ರೆ, ಭಾವನ್ನ ನೀನೇ ನೋಡ್ಕೋಬೇಕು. ಅವರಿಗೆ ಒಂದು ಟೀ ಮಾಡ್ಕೊಳ್ಳೋಕೂ ಬರಲ್ಲ.”

“ಹಾಗೆಲ್ಲ ಏನೂ ಆಗಲ್ಲ ಅಕ್ಕಾ,” ಎಂದ ಅವನು. ಅದು ಸಮಾಧಾನದ ಮಾತೆಂದು ಅವಳು ತಿಳಿದಳು. ಅದು ತನಗೆ ಖಚಿತವಾಗಿ ಗೊತ್ತಿರುವ ಸಂಗತಿ ಎಂದು ಅವನು ಹೇಳಲಿಲ್ಲ. ಬಾಗಿಲು ಮುಚ್ಚಿತು, ಒಳಗಿನ ಯಂತ್ರ ದಡದಡ ಸದ್ದು ಮಾಡತೊಡಗಿತು. ಅಂಗೈಯಲ್ಲಿದ್ದ ಬಳೆಗಳು ಬೆವರಿಗೆ ಒದ್ದೆಯಾದವು. ಎದ್ದು ಹೋಗಿ ಬಾಗಿಲು ಬಡಿಯಬೇಕು, ನಿಲ್ಲಿಸಿ, ಅವಳ ತಲೆಯಲ್ಲಿ ಏನೂ ಇಲ್ಲ ಎನ್ನಬೇಕು ಎಂದು ಎರಡು ಸಲ ಎದ್ದ. ಎರಡು ಸಲವೂ ಕೂತ. ಆ ಬೆಂಚಿನ ಮೇಲೆ ಹಾಗೆ ಕೂತಿದ್ದಕ್ಕಿಂತ ಹೇಯವಾದದ್ದನ್ನು ತಾನು ಬದುಕಿನಲ್ಲಿ ಮಾಡಿಲ್ಲವೆಂದು ಅವನು ಇವತ್ತಿಗೂ ಹೇಳುತ್ತಾನೆ.

ವರದಿಯಲ್ಲಿ ಏನೂ ಇರಲಿಲ್ಲ. ಆದರೆ ಅಕ್ಕ ನಂಬಲಿಲ್ಲ. “ಅಮ್ಮನಿಗೂ ಮೊದಲು ಏನೂ ಇಲ್ಲ ಅಂದಿದ್ರು,” ಎಂದಳು, ಒಂದೊಂದೇ ಪದ ಬಿಡಿಸಿ.

ಒಂದು ಸಂಜೆ ಅವನು ಅಕ್ಕನ ಮನೆಯಲ್ಲಿದ್ದಾಗ ಫೋನ್ ಬಂತು. ಭಾವ ಹೊರಗೆ ಹೋಗಿದ್ದರು. ಅಕ್ಕ ಅದನ್ನೆತ್ತಿ ತಮ್ಮನ ಕೈಗೆ ಕೊಟ್ಟು, ಅಲ್ಲೇ ಬಟ್ಟೆ ಮಡಿಸುತ್ತ ನಿಂತಳು. ಮಾತಾಡಿದವನು ಬೇರೊಂದು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣಿಲ್ಲ, ಅಕ್ಕನ ಓದನ್ನು ವರ್ಷಗಳಿಂದ ಕೇಳುತ್ತಿದ್ದೇನೆ, ಗ್ರಂಥಾಲಯದವರಿಂದ ನಂಬರ್ ಇಸಕೊಂಡೆ ಎಂದ.

“ಅಮ್ಮಾವ್ರು ಓದೋದು ಬಿಟ್ರು ಅಂತ ಕೇಳಿದೆ. ನಾಲಿಗೆ ತಡವರಿಸುತ್ತೆ ಅಂತ ಹೇಳಿದ್ರಂತೆ. ಅದು ಸುಳ್ಳು ಸಾರ್. ನಾನು ಆ ಜಾಗಗಳನ್ನ ಹತ್ತತ್ತು ಸಲ ಕೇಳಿದೀನಿ.”

“ಸುಳ್ಳು ಅಂದ್ರೆ?”

“ಅವರ ಮಾತಿನ ಹಿಂದೆ ಸಣ್ಣಗೆ ಒಂದು ಗುಯ್ ಅನ್ನೋ ಸದ್ದು ಯಾವಾಗಲೂ ಇರುತ್ತೆ. ಎಷ್ಟು ತೆಗೆದ್ರೂ ಒಂಚೂರು ಉಳಿದಿರುತ್ತೆ. ಮನುಷ್ಯರು ಮಾತು ನುಂಗಿದ್ರೆ ಆ ಗುಯ್ ಹಾಗೇ ಇರ್ಬೇಕು ತಾನೇ? ಇಲ್ಲಿ ಪದದ ಜೊತೆ ಅದೂ ಹೋಗುತ್ತೆ. ಕತ್ತರಿ ಹಾಕಿದ ಹಾಗೆ. ತಪ್ಪು ಅವರ ಬಾಯಿಯದ್ದಲ್ಲ ಸಾರ್, ಯಂತ್ರದ್ದು. ಯಾರಾದರೂ ಆ ಯಂತ್ರ ನೋಡಿದ್ರಾ?”

ಅಕ್ಕ ಮಡಿಸುತ್ತಿದ್ದ ಟವೆಲನ್ನು ಹಿಡಿದುಕೊಂಡೇ ಅವನ ಮುಖ ನೋಡುತ್ತಿದ್ದಳು. ಅವಳಿಗೆ ಆ ಕಡೆಯ ಮಾತು ಕೇಳಿಸುತ್ತಿರಲಿಲ್ಲ. ರಾಂಗ್ ನಂಬರ್ ಎಂದು ಇಟ್ಟುಬಿಡಬಹುದಿತ್ತು.

“ನೋಡಿದೀನಿ,” ಎಂದ ಡಿಗ್ರಿ. “ನೀವು ಹೇಳೋದು ಸರಿ. ಯಂತ್ರದ್ದೂ ಅಲ್ಲ, ನನ್ನ ತಪ್ಪು. ನಾನು ಅವರ ತಮ್ಮ.”

ಫೋನಿಟ್ಟು, ನಿಂತಲ್ಲೇ ಎಲ್ಲವನ್ನೂ ಹೇಳಿದ. ವೇಗ, ಫ್ಯಾನು, ಬಂದ್ ಮಾಡಿದ ಕೀಂ ಕೀಂ, ಹನ್ನೆರಡು ನಿಮಿಷದ ಪರೀಕ್ಷೆ, ಧೂಳಿನ ಸುಳ್ಳು. ಮುಗಿದ ಮೇಲೆ ಅಕ್ಕ ಕೇಳಿದಳು.

“ಸ್ಕ್ಯಾನ್ ದಿನ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನನ್ನ ಬಳೆ ಹಿಡ್ಕೊಂಡು ಕೂತಿದ್ದಾಗಲೂ?”

“ಹೂಂ.”

ಅವಳು ಟವೆಲನ್ನು ಮಡಿಸಿ ಉಳಿದವುಗಳ ಮೇಲಿಟ್ಟಳು. “ಮಷೀನು ಹಾಳಾದದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೋ,” ಎಂದಳು. ತಿಂಗಳುಗಳ ನಂತರ ಅವಳ ಮಾತು ತಡೆಯಿಲ್ಲದೆ ಹರಿಯುತ್ತಿತ್ತು. “ನಾನು ಒಬ್ಬಳೇ ಮಲಗಿ ಎಣಿಸ್ತಿದ್ದೆ, ಇವತ್ತು ಎಷ್ಟು ಪದ ಮರೆತೆ ಅಂತ. ಅದನ್ನ ನೋಡ್ಕೊಂಡು ಸುಮ್ಮನಿದ್ದೆಯಲ್ಲ, ಅದು.” ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ಆಮೇಲೆ ಏಳು ವಾರ ಅವಳು ಅವನೊಂದಿಗೆ ಮಾತಾಡಲಿಲ್ಲ. ಅವನು ಹೊಸ ಕಂಪ್ಯೂಟರ್ ಹೊತ್ತುಕೊಂಡು ಹೋದ. ಬಾಗಿಲಲ್ಲೇ ಭಾವ ತಡೆದರು. “ಬೇಡವಂತೆ. ನಿನ್ನ ಕೈಯಿಂದ ಯಾವ ಮಷೀನೂ ಬೇಡವಂತೆ. ಸ್ವಲ್ಪ ದಿನ ಬಿಡು.” ಅವರ ದನಿಯಲ್ಲಿ ಕೋಪವಿರಲಿಲ್ಲ. ಆದರೆ ಎಂದಿನ ಹಾಗೆ ಒಳಗೆ ಬಾ ಎನ್ನಲಿಲ್ಲ.

ಡಿಗ್ರಿ ಗ್ರಂಥಾಲಯಕ್ಕೆ ಹೋದ. ಮೇಡಂ ಮುಂದೆ ನಿಂತು ತಪ್ಪೊಪ್ಪಿಕೊಂಡ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಅಯ್ಯೋ, ಅವರಿಗೆ ಫೋನ್ ಮಾಡಿ ಹೇಳಿದವಳು ನಾನೇ ಅಲ್ವಾ,” ಎಂದು ತಾವೇ ನೊಂದುಕೊಂಡರು. ಅದು ಅವನಿಗೆ ಇನ್ನೊಂದು ಏಟು. ಕೆಟ್ಟ ಮೂರು ಪುಸ್ತಕಗಳ ಧ್ವನಿಮುದ್ರಣವನ್ನೂ ಅಚ್ಚಾದ ಪ್ರತಿಗಳನ್ನೂ ಕೇಳಿ ಪಡೆದ. ಒಟ್ಟು ನಲವತ್ತೊಂದು ಗಂಟೆಯ ಓದು.

ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಕಿವಿಗೆ ಹೆಡ್‌ಫೋನ್ ಹಾಕಿ, ಪುಸ್ತಕ ತೆರೆದಿಟ್ಟುಕೊಂಡು ಕೂತ. ಎಲ್ಲಿ ಪದ ಕಾಣೆಯಾಗಿದೆಯೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವುದು, ಪುಟ, ಸಾಲು, ನಿಮಿಷ ಬರೆದುಕೊಳ್ಳುವುದು. ಆ ವಾಕ್ಯಗಳನ್ನಷ್ಟೇ ಮತ್ತೆ ಓದಿಸಿ ಸೇರಿಸಿದರೆ ಪುಸ್ತಕಗಳು ಉಳಿಯುತ್ತಿದ್ದವು. ನಾಚಿಕೆಯ ಮಾತೆಂದರೆ, ಅಕ್ಕನ ಓದನ್ನು ಅವನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಯಂತ್ರ ಎಷ್ಟು ನಿಮಿಷ ತೆಗೆದುಕೊಂಡಿತು ಎಂದು ನೋಡಿದ್ದ, ಒಳಗೆ ಏನಿದೆ ಎಂದು ನೋಡಿರಲಿಲ್ಲ. ನಾವಿಕನ ಕತೆಯಲ್ಲಿ ಅವಳು ಮುದುಕನ ದನಿಗೆ ಮುದುಕನಾಗುತ್ತಿದ್ದಳು, ಚಿಕ್ಕ ಹುಡುಗಿಯ ದನಿಗೆ ಹುಡುಗಿಯಾಗುತ್ತಿದ್ದಳು. ಇಷ್ಟು ಚೆಂದದ ಮಾತಿನ ನಡುವೆ ಕತ್ತರಿ ಬಿದ್ದಾಗಲೆಲ್ಲ ಅವನು ಮುಖ ಹಿಂಡುತ್ತಿದ್ದ. ಕೆಳಗಿನ ಜೆರಾಕ್ಸಿನವನು ಒಮ್ಮೆ ಹತ್ತಿ ಬಂದು, “ಹಲ್ಲುನೋವಾ?” ಎಂದು ಕೇಳಿದ. ಒಟ್ಟು ನಾನೂರ ಹದಿನೆಂಟು ಕಡೆ ಗೆರೆ ಬಿತ್ತು.

ಪಟ್ಟಿಯನ್ನು ಭಾವನ ಕೈಯಲ್ಲಿ ಕಳಿಸಿದ. ಮೂರು ದಿನದ ಮೇಲೆ ಅಕ್ಕನೇ ಫೋನ್ ಮಾಡಿದಳು.

“ಎರಡನೇ ಪುಸ್ತಕ, ಎಂಬತ್ತೊಂದನೇ ಪುಟ. ಅದು ಮಷೀನು ನುಂಗಿದ್ದಲ್ಲ. ನಾನೇ ಓದದೆ ಬಿಟ್ಟದ್ದು. ಆ ಸಾಲು ಅಚ್ಚಿನಲ್ಲೇ ತಪ್ಪು.”

“ಹೌದಾ? ಸರಿ. ತೆಗೀತೀನಿ.”

“ನಾನು ಗ್ರಂಥಾಲಯದ ಕೋಣೆಯಲ್ಲೇ ಕೂತು ಓದ್ತೀನಿ. ಅವರ ಮಷೀನಲ್ಲಿ. ನೀನು ಪುಸ್ತಕ ಹಿಡ್ಕೊಂಡು ಹೊರಗೆ ಕೂತ್ಕೋ. ಪಟ್ಟಿ ಓದಿ ಹೇಳೋಕೆ ಒಬ್ಬರು ಬೇಕು.” ಫೋನ್ ಇಡುವ ಮೊದಲು ಸೇರಿಸಿದಳು: “ನನ್ನ ಕೋಪ ಹೋಗಿದೆ ಅಂತ ತಿಳ್ಕೋಬೇಡ.”

“ತಿಳ್ಕೊಳ್ಳಲ್ಲ.”

ವಾರಕ್ಕೆ ಎರಡು ಬೆಳಿಗ್ಗೆ, ಗಾಜಿನ ಈಚೆ ಅವನು, ಆಚೆ ಅವಳು. ಅವನು ಪುಟ, ಸಾಲು ಹೇಳುವುದು, ಅವಳು ಓದುವುದು. ಬೇರೆ ಮಾತಿಲ್ಲ. ಮೊದಮೊದಲು ಅವಳು ಒಂದು ವಾಕ್ಯ ಓದಿ ಮುಗಿಸಿದ ಕೂಡಲೇ ಓದು ನಿಲ್ಲಿಸಿ, ಅದನ್ನು ಹಾಕಿಸಿ ಕೇಳಿ, ಎಲ್ಲ ಪದಗಳೂ ಇವೆಯೇ ಎಂದು ಬೆರಳಲ್ಲಿ ಎಣಿಸುತ್ತಿದ್ದಳು. ಗಾಜಿನ ಮೂಲಕ ಆ ಬೆರಳುಗಳನ್ನು ನೋಡುವುದು ಅವನಿಗೆ ಬೈಗುಳಕ್ಕಿಂತ ಕಷ್ಟವಾಗಿತ್ತು. ಬೇಡ ಅಕ್ಕಾ, ಎಲ್ಲ ಸರಿಯಿದೆ ಎನ್ನಲು ಅವನಿಗೆ ಬಾಯಿರಲಿಲ್ಲ. ಆ ಮಾತು ಹೇಳುವ ಕಾಲದಲ್ಲಿ ಅವನು ಬಾಯಿ ಮುಚ್ಚಿಕೊಂಡಿದ್ದ.

ಮೂರನೆಯ ಪುಸ್ತಕಕ್ಕೆ ಬರುವ ಹೊತ್ತಿಗೆ ಎಣಿಸುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ “ತಟಾಕದ ತಟದಲ್ಲಿ ತಟಸ್ಥನಾಗಿ” ಎಂಬ ಸಾಲಿನಲ್ಲಿ ಅವಳ ನಾಲಿಗೆ ನಿಜವಾಗಿಯೂ ಹೊರಳಿ, ತಟಾಪಟಾ ಎಂದೇನೋ ಆಯಿತು. ಅವಳು ಗಕ್ಕನೆ ನಿಂತಳು. ಗಾಜಿನ ಈಚೆಗೆ ಅವನನ್ನೇ ನೋಡಿದಳು.

ಡಿಗ್ರಿ ಮೈಕಿನ ಗುಂಡಿ ಒತ್ತಿದ. “ಅದು ಯಾರು ಓದಿದ್ರೂ ಹೊರಳುತ್ತೆ ಅಕ್ಕಾ. ನಾನು ಅಂಗಡಿಯಲ್ಲಿ ಓದಿ ನೋಡಿದೆ, ನಂಗೂ ಬರಲಿಲ್ಲ.”

“ಎಲ್ಲಿ, ಓದು ನೋಡೋಣ.”

ಅವನು ಓದಿದ. ಮೂರನೆಯ ಪದಕ್ಕೇ ಎಡವಿದ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಭುಜ ಕುಲುಕಿಸಿ, ಮೊದಲಿನ ಹಾಗೆಯೇ. ಅವನಿಗೆ ನಗಲಾಗಲಿಲ್ಲ. ಇಷ್ಟು ತಿಂಗಳು ಈ ನಗುವನ್ನು ತಡೆದಿಟ್ಟವನು ತಾನೇ ಅಲ್ಲವೇ? ಪುಸ್ತಕದ ಮೇಲೆ ಬಗ್ಗಿ, ಮತ್ತೊಮ್ಮೆ ಸಾಲಿನ ಸಂಖ್ಯೆ ಹೇಳಿದ. ಅವಳು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಆ ವಾಕ್ಯವನ್ನು ಮೊದಲಿನಿಂದ ಓದಿದಳು.